ಮೌಸ್ ಆರಿಸುವ ಮೊದಲು ಕೈ ನೋಡಿಕೊಳ್ಳಿ: ಗ್ರಿಪ್, ಸೆನ್ಸ್, ಪ್ಯಾಡ್ ಮತ್ತು ನೋವಿನ ಲೆಕ್ಕ

ಎರಡು ವರ್ಷದ ಹಿಂದೆ ಹದಿಮೂರು ಸಾವಿರ ಕೊಟ್ಟು ಒಂದು ಮೌಸ್ ತೆಗೆದುಕೊಂಡೆ. ನಾನು ಮೆಚ್ಚುವ ಆಟಗಾರನೊಬ್ಬ ಅದನ್ನೇ ಬಳಸುತ್ತಾನೆ ಅನ್ನುವುದು ಬಿಟ್ಟರೆ ಬೇರೆ ಕಾರಣ ಇರಲಿಲ್ಲ. ಮೂರು ವಾರಕ್ಕೆ ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾಯಿತು. ಬೆಳಿಗ್ಗೆ ಕಾಫಿ ಲೋಟ ಎತ್ತಿದರೆ ಚುಳ್ ಅನ್ನುತ್ತಿತ್ತು. ಮೌಸ್‌ನದು ತಪ್ಪೇನೂ ಇರಲಿಲ್ಲ. ಅದು ದೊಡ್ಡ ಕೈಯವರಿಗೆ ಮಾಡಿದ್ದು, ನನ್ನದು ಸಣ್ಣ ಕೈ. ಪ್ರತಿ ಸಲ ಎತ್ತಿಡುವಾಗಲೂ ಹೆಬ್ಬೆರಳಿನಿಂದ ಅದನ್ನು ಹಿಂಡಿ ಹಿಡಿಯುತ್ತಿದ್ದೆ. ಒಂದು ಸಂಜೆಗೆ ಹಾಗೆ ಎಷ್ಟು ಸಲ ಎತ್ತುತ್ತೇವೆ ಅಂತ ಲೆಕ್ಕ ಇಟ್ಟವರು ಯಾರು?

ವ್ಯಾಲೊರಂಟ್, ಸಿಎಸ್2 (ಕೌಂಟರ್ ಸ್ಟ್ರೈಕ್ 2) ಥರದ ಗುಂಡು ಹಾರಿಸುವ ಕಂಪ್ಯೂಟರ್ ಆಟ ಆಡುವವರು ಮೌಸ್ ಬಗ್ಗೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಯಾವುದು ಬೆಸ್ಟ್? ನಾನು ಈಗ ಬೇರೆ ಥರ ಕೇಳುತ್ತೇನೆ. ಈ ಗ್ರಿಪ್ (ಮೌಸ್ ಹಿಡಿಯುವ ರೀತಿ), ಈ ಸೆನ್ಸ್ (ಮೌಸ್ ಎಷ್ಟು ಸರಿದರೆ ಆಟದಲ್ಲಿ ಎಷ್ಟು ತಿರುಗುತ್ತೇವೆ ಅನ್ನುವ ಸೆಟ್ಟಿಂಗ್), ಈ ಪ್ಯಾಡ್ ಆರಿಸಿಕೊಂಡರೆ ಭಾರ ಯಾರ ತಲೆಗೆ ಬೀಳುತ್ತದೆ? ಬೆರಳಿಗಾ, ಮಣಿಕಟ್ಟಿಗಾ, ಮೊಣಕೈಗಾ, ಭುಜಕ್ಕಾ? ಭಾರವಂತೂ ಎಲ್ಲಿಗೂ ಹೋಗುವುದಿಲ್ಲ. ಒಂದು ಕಡೆ ಇಳಿಸಿದರೆ ಇನ್ನೊಂದು ಕಡೆ ಏರುತ್ತದೆ. ಕೆಳಗಿನ ಹೋಲಿಕೆಗಳನ್ನೆಲ್ಲ ಆ ಕಣ್ಣಿನಿಂದಲೇ ಮಾಡಿದ್ದೇನೆ.

ಮೊದಲು ಸ್ಕೇಲ್ ತನ್ನಿ

ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಯವರೆಗೆ ಅಳೆಯಿರಿ. ನನ್ನದು 17.5 ಸೆಂ.ಮೀ. ಇಡೀ ಅಂಗೈ ಊರಿ ಹಿಡಿಯುವವರಿಗೆ ಕೈ ಉದ್ದದ ಮೂರರಲ್ಲಿ ಎರಡು ಪಾಲು ಇರುವ ಮೌಸ್ ಸರಿಹೋಗುತ್ತದೆ ಅನ್ನುವುದು ನನ್ನ ಅಂದಾಜು. ಬೆರಳ ತುದಿಯಲ್ಲೇ ಹಿಡಿಯುವವರಿಗೆ ಅದಕ್ಕಿಂತ ಚಿಕ್ಕದು ಸಾಕು. ಅಂದರೆ ನನಗೆ ಹೆಚ್ಚೆಂದರೆ 117 ಮಿ.ಮೀ.

ಈಗ ಮಾರುಕಟ್ಟೆ ನೋಡಿ. ಲಾಜಿಟೆಕ್ ಜಿ102 ಮತ್ತು ಜಿ304 ಎರಡೂ 117 ಮಿ.ಮೀ. ಹತ್ತಿರ. ಜಿ ಪ್ರೊ ಎಕ್ಸ್ ಸೂಪರ್‌ಲೈಟ್ 125. ರೇಜರ್ ವೈಪರ್ ವಿ3 ಪ್ರೊ 127, ಡೆತ್‌ಆಡರ್ ವಿ3 ಪ್ರೊ 128. ಕಾಗದದ ಮೇಲೆ ಒಂದು ಸೆಂಟಿಮೀಟರ್ ಏನು ಮಹಾ ಅನ್ನಿಸುತ್ತದೆ. ಕೈಯಲ್ಲಿ ಹಿಡಿದಾಗ ಅದು ಚಪ್ಪಲಿಯ ಒಂದು ನಂಬರ್ ಹೆಚ್ಚುಕಮ್ಮಿ ಆದ ಹಾಗೆ.

ಬೆಂಗಳೂರಿನವರಾದರೆ ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಒಂದು ಸಲ ಹೋಗಿ ಬನ್ನಿ. ಬೇರೆ ಊರಿನವರು ಗೆಳೆಯರ ಮೌಸ್ ಹಿಡಿದು ನೋಡಿ. ಸುಮ್ನೆ ಹಿಡಿದರೆ ಏನೂ ಗೊತ್ತಾಗುವುದಿಲ್ಲ. ಹತ್ತು ಸಲ ಎತ್ತಿ ಪಕ್ಕಕ್ಕಿಡಿ, ಕೈಯನ್ನೇ ನೋಡುತ್ತಿರಿ. ಹೆಬ್ಬೆರಳಿನ ಉಗುರು ಬೆಳ್ಳಗಾದರೆ ನೀವು ಒತ್ತಿ ಹಿಡಿಯುತ್ತಿದ್ದೀರಿ ಅಂತ ಅರ್ಥ. ಕಿರುಬೆರಳಿಗೆ ಜಾಗ ಸಿಗದೆ ಮೇಜಿಗೆ ಉಜ್ಜುತ್ತಿದ್ದರೆ ಮೌಸ್ ಅಗಲ ಸಾಲದು. ಅಂಗಡಿಯವರು ಒಂಥರಾ ನೋಡುತ್ತಾರೆ, ನೋಡಲಿ ಬಿಡಿ.

ಪಾಮ್, ಕ್ಲಾ, ಫಿಂಗರ್‌ಟಿಪ್

ಪಾಮ್ ಗ್ರಿಪ್ ಅಂದರೆ ಇಡೀ ಅಂಗೈ ಮೌಸ್ ಬೆನ್ನಿನ ಮೇಲೆ ಮಲಗಿರುತ್ತದೆ, ಬೆರಳುಗಳು ಉದ್ದಕ್ಕೆ ಚಾಚಿರುತ್ತವೆ. ಬೆರಳಿಗೆ ಕೆಲಸ ಕಡಿಮೆ. ಮೌಸ್ ಓಡಾಡುವುದು ಮುಂಗೈ ಮತ್ತು ಭುಜದಿಂದ. ಕೈ ಸಡಿಲವಾಗಿರುವುದರಿಂದ ಮೂರರಲ್ಲಿ ಹೆಚ್ಚು ಹೊತ್ತು ತಾಳುವುದು ಇದೇ. ಕೊರತೆ ಏನೆಂದರೆ, ಎದುರಾಳಿಯ ತಲೆಯ ಮೇಲೆ ಕ್ರಾಸ್‌ಹೇರ್ (ಗುರಿಯ ಗುರುತು) ಅನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡಬೇಕಾದಾಗ ಬೆರಳು ನೆರವಿಗೆ ಬರುವುದಿಲ್ಲ. ಡೆತ್‌ಆಡರ್, ಝೋವಿ ಇಸಿ ಥರದ ಬಲಗೈಗೆ ವಾಲಿದ ಮೌಸ್‌ಗಳು ಈ ಹಿಡಿತಕ್ಕೆ ಹೇಳಿ ಮಾಡಿಸಿದಂತಿವೆ.

ಫಿಂಗರ್‌ಟಿಪ್ ಇದಕ್ಕೆ ಪೂರ್ತಿ ಉಲ್ಟಾ. ಅಂಗೈ ಮೌಸ್ ಮುಟ್ಟುವುದೇ ಇಲ್ಲ. ರಂಗೋಲಿ ಪುಡಿ ಹಿಡಿದ ಹಾಗೆ ಬೆರಳ ತುದಿಯಲ್ಲಿ ಹಿಡಿದಿರುತ್ತೀರಿ. ಸಣ್ಣ ಚಲನೆಗೆ ಇದರಷ್ಟು ಚುರುಕು ಬೇರೆ ಇಲ್ಲ. ಆದರೆ ಹಿಡಿಯುವ ಕೆಲಸ, ಸರಿಸುವ ಕೆಲಸ, ಕ್ಲಿಕ್ ಕೆಲಸ ಮೂರನ್ನೂ ಅದೇ ಐದು ಬೆರಳು ಮಾಡಬೇಕು. 100 ಗ್ರಾಂ ಮೌಸ್ ಹಿಡಿದು ಫಿಂಗರ್‌ಟಿಪ್ ಆಡುವುದು ಬೆರಳಿಗೆ ಶಿಕ್ಷೆ. ಈ ಹಿಡಿತಕ್ಕೆ ಹಗುರ, ಚಿಕ್ಕ, ಬೆನ್ನು ತಗ್ಗಿರುವ ಮೌಸ್ ಬೇಕೇ ಬೇಕು.

ಕ್ಲಾ ಇವೆರಡರ ನಡುವೆ. ಅಂಗೈಯ ಹಿಂಭಾಗ ಮೌಸ್ ಮೇಲೆ ಊರಿರುತ್ತದೆ, ಬೆರಳುಗಳು ಬಿಲ್ಲಿನ ಹಾಗೆ ಬಾಗಿರುತ್ತವೆ. ಸ್ಥಿರತೆಯೂ ಸಿಗುತ್ತದೆ, ಬೆರಳಿನ ಚುರುಕೂ ಸಿಗುತ್ತದೆ. ನಾನು ಈಗ ಆಡುವುದು ಹೀಗೇ. ಇದರಲ್ಲೂ ಒಂದು ಕಾಟ ಇದೆ, ಅದನ್ನು ಕಂಡುಹಿಡಿಯಲು ನನಗೆ ವರ್ಷ ಹಿಡಿಯಿತು. ಮೂಲೆಯಲ್ಲಿ ಯಾರಾದರೂ ಬರುತ್ತಾರೇನೋ ಅಂತ ಕಾಯುತ್ತಿರುವಾಗ ನಿಮ್ಮ ತೋರುಬೆರಳನ್ನೊಮ್ಮೆ ನೋಡಿ. ತಪ್ಪಿ ಕ್ಲಿಕ್ ಆದೀತು ಅನ್ನುವ ಭಯಕ್ಕೆ ಬೆರಳನ್ನು ಬಟನ್‌ನಿಂದ ಎರಡು ಮಿ.ಮೀ. ಮೇಲೆತ್ತಿ ಗಾಳಿಯಲ್ಲಿ ಹಿಡಿದಿರುತ್ತೇವೆ. ಆ ಬೆರಳನ್ನು ಎತ್ತಿ ಹಿಡಿಯುವ ಸ್ನಾಯು ಇರುವುದು ಬೆರಳಿನಲ್ಲಲ್ಲ, ಮೊಣಕೈ ಹತ್ತಿರ, ಮುಂಗೈಯ ಮೇಲ್ಭಾಗದಲ್ಲಿ. ಎಡಗೈಯನ್ನು ಅಲ್ಲಿಟ್ಟು ಬೆರಳು ಎತ್ತಿ ನೋಡಿ, ಕುಣಿಯುವುದು ಗೊತ್ತಾಗುತ್ತದೆ. ಆಟ ಮುಗಿದ ಮೇಲೆ ಅಲ್ಲೇ ಬಿಗಿ ಅನ್ನಿಸುವವರು ಮೌಸ್ ಬದಲಿಸುವ ಮುಂಚೆ ಬೆರಳನ್ನು ಬಟನ್ ಮೇಲೆ ಇಳಿಸಿ ಇಡುವುದನ್ನು ಕಲಿಯಲಿ. ಇದಕ್ಕೆ ಕಾಸು ಬೇಕಿಲ್ಲ.

ಮೂರರಲ್ಲಿ ಯಾವುದು ಮೇಲು ಅಂದರೆ, ಈಗಾಗಲೇ ನೋವಿಲ್ಲದೆ ಆಡುತ್ತಿದ್ದರೆ ನಿಮ್ಮ ಕೈ ತಾನಾಗಿ ಆರಿಸಿಕೊಂಡದ್ದೇ ಮೇಲು. ವಿಡಿಯೊ ನೋಡಿ ಗ್ರಿಪ್ ಬದಲಿಸಿದವರು ಸಾಮಾನ್ಯವಾಗಿ ತಿಂಗಳೊಳಗೆ ಹಳೆಯದಕ್ಕೇ ಬರುತ್ತಾರೆ. ಬೆರಳು ಸೋಲುತ್ತಿದ್ದರೆ ಮಾತ್ರ ಪಾಮ್ ಕಡೆಗೆ ಸ್ವಲ್ಪ ಸರಿಯಿರಿ.

ಮಣಿಕಟ್ಟಿನ ಏಮ್, ತೋಳಿನ ಏಮ್

ಏಮ್, ಅಂದರೆ ಗುರಿ ಹಿಡಿಯುವುದು, ಮಣಿಕಟ್ಟಿನಿಂದಲಾ, ಇಡೀ ತೋಳಿನಿಂದಲಾ? ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಆಯ್ಕೆ ಇದೇ. ಅದನ್ನು ತೀರ್ಮಾನಿಸುವುದು ಸೆನ್ಸ್.

ಒಂದು ಲೆಕ್ಕ ಹಾಕೋಣ. ಮೌಸ್ ಒಂದು ಇಂಚು ಸರಿದರೆ ಕಂಪ್ಯೂಟರ್‌ಗೆ ಎಷ್ಟು ಎಣಿಕೆ ಕಳಿಸುತ್ತದೆ ಅನ್ನುವುದು ಡಿಪಿಐ. ಅದನ್ನು ಆಟದೊಳಗಿನ ಸೆನ್ಸಿನಿಂದ ಗುಣಿಸಿದರೆ ಬರುವುದು ಇ-ಡಿಪಿಐ. ವ್ಯಾಲೊರಂಟ್‌ನಲ್ಲಿ 800 ಡಿಪಿಐ, 0.35 ಸೆನ್ಸ್ ಇದ್ದರೆ ಇ-ಡಿಪಿಐ 280. ಇದರಲ್ಲಿ ಒಂದು ಪೂರ್ತಿ ಸುತ್ತು ತಿರುಗಬೇಕಾದರೆ ಮೌಸ್ 47 ಸೆಂ.ಮೀ. ಸಾಗಬೇಕು. ಅದೇ 800 ಡಿಪಿಐಗೆ ಸೆನ್ಸ್ 1 ಇಟ್ಟರೆ 16 ಸೆಂ.ಮೀ.ಗೇ ಸುತ್ತು ಮುಗಿಯುತ್ತದೆ. ಸಿಎಸ್2ನಲ್ಲಿ ಲೆಕ್ಕ ಬೇರೆ. ಅಲ್ಲಿ 400 ಡಿಪಿಐ, 2 ಸೆನ್ಸ್ ಅಂದರೆ 52 ಸೆಂ.ಮೀ. ಅಲ್ಲಿಂದ ವ್ಯಾಲೊರಂಟ್‌ಗೆ ಬರುವವರು ಸೆನ್ಸನ್ನು 3.18ರಿಂದ ಭಾಗಿಸಿಕೊಳ್ಳಬೇಕು.

ಈಗ ಮಣಿಕಟ್ಟನ್ನು ಮೇಜಿಗೆ ಊರಿ, ಮೌಸ್ ಅನ್ನು ಎಡದ ಕೊನೆಯಿಂದ ಬಲದ ಕೊನೆಗೆ ತಿರುಗಿಸಿ. ಸುಮಾರು 10 ಸೆಂ.ಮೀ. ಸಿಗುತ್ತದೆ. ಅದೂ ಎರಡೂ ತುದಿಯಲ್ಲಿ ಮಣಿಕಟ್ಟು ಪೂರ್ತಿ ಮುರಿದುಕೊಂಡ ಹಾಗೆ ವಾಲಿದಾಗ. ಹಾಯಾಗಿ ಹೋಗುವುದು ಇದರ ಅರ್ಧ. ಹಾಗಾಗಿ 47 ಸೆಂ.ಮೀ. ಸೆನ್ಸ್ ಇಟ್ಟುಕೊಂಡು ಮಣಿಕಟ್ಟಿನಲ್ಲೇ ಆಡಲು ಆಗುವುದಿಲ್ಲ, ತೋಳು ಬರಲೇಬೇಕು. 16 ಸೆಂ.ಮೀ. ಸೆನ್ಸ್ ಇಟ್ಟರೆ ತೋಳು ಬೇಕೇ ಆಗುವುದಿಲ್ಲ, ಎಲ್ಲವೂ ಮಣಿಕಟ್ಟಿನ ಮೇಲೆ.

ಮಣಿಕಟ್ಟಿನ ಏಮ್‌ನ ಲಾಭ ಕಣ್ಣಿಗೆ ಕಾಣುತ್ತದೆ. ಚಿಕ್ಕ ಮೇಜು ಸಾಕು, ಬೆನ್ನ ಹಿಂದೆ ಬಂದವನ ಕಡೆ ತಟಕ್ಕನೆ ತಿರುಗಬಹುದು. ಆದರೆ ಸಣ್ಣ ಕೀಲು ಒಂದೇ ಚಲನೆಯನ್ನು ಸಾವಿರಾರು ಸಲ ಮಾಡಬೇಕು. ಮಣಿಕಟ್ಟು ಮೇಲಕ್ಕೆ ಬಾಗಿದ್ದರೆ ಒಳಗಿನ ಒತ್ತಡವೂ ಏರುತ್ತದೆ. ತೋಳಿನ ಏಮ್‌ನಲ್ಲಿ ಕೆಲಸ ಭುಜ ಮತ್ತು ಮೊಣಕೈಗೆ ಹೋಗುತ್ತದೆ. ಅವು ದೊಡ್ಡ ಸ್ನಾಯುಗಳು, ಬೇಗ ದಣಿಯುವುದಿಲ್ಲ. ಆದರೆ ಮೇಜು ಎತ್ತರವಿದ್ದರೆ ಭುಜ ಕಿವಿಯವರೆಗೆ ಏರಿ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಜೊತೆಗೆ ಮೌಸ್ ಎತ್ತಿ ಎತ್ತಿ ಇಡಬೇಕು.

ನನ್ನ ಶಿಫಾರಸು: ದೊಡ್ಡ ತಿರುವಿಗೆ ತೋಳು, ಸಣ್ಣ ತಿದ್ದುವಿಕೆಗೆ ಮಣಿಕಟ್ಟು, ಕೊನೆಯ ಕೂದಲೆಳೆಗೆ ಬೆರಳು. ಸುತ್ತಿಗೆ 35ರಿಂದ 50 ಸೆಂ.ಮೀ. ಒಳಗಿನ ಸೆನ್ಸ್ ಇಟ್ಟರೆ ಈ ಹಂಚಿಕೆ ತಾನಾಗಿ ಆಗುತ್ತದೆ. ವೃತ್ತಿಪರ ವ್ಯಾಲೊರಂಟ್ ಆಟಗಾರರಲ್ಲಿ ಹೆಚ್ಚಿನವರು 200ರಿಂದ 400 ಇ-ಡಿಪಿಐ ಒಳಗೇ ಇರುತ್ತಾರೆ. ನೀವು ಈಗ 800ರಲ್ಲಿದ್ದರೆ ಒಂದೇ ಏಟಿಗೆ 280ಕ್ಕೆ ಇಳಿಯಬೇಡಿ. ವಾರಕ್ಕೆ ಹತ್ತು ಪರ್ಸೆಂಟ್ ಇಳಿಸಿ. ಇಲ್ಲದಿದ್ದರೆ ಮಣಿಕಟ್ಟಿನ ನೋವು ಹೋಗಿ ಭುಜದ ನೋವು ಬರುತ್ತದೆ, ನನಗೆ ಬಂದ ಹಾಗೆ.

ಪ್ಯಾಡ್ ಮತ್ತು ಮೇಜು

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ಸೆನ್ಸಿಗೂ ಸರಿಯಾಗಿ ಕೂರುತ್ತದೆ. 47 ಸೆಂ.ಮೀ. ಸೆನ್ಸಿನಲ್ಲಿ ಹಿಂದಕ್ಕೆ ತಿರುಗಲು 23 ಸೆಂ.ಮೀ. ಚಿಲ್ಲರೆ ಬೇಕು. ಆಫೀಸಿನ 22 ಸೆಂ.ಮೀ. ಪ್ಯಾಡ್‌ನಲ್ಲಿ ಅದು ಆಗದ ಮಾತು. 45×40 ಸೆಂ.ಮೀ. ಪ್ಯಾಡ್ ಕನಿಷ್ಠ ಅಂತ ಇಟ್ಟುಕೊಳ್ಳಿ. ಕೀಬೋರ್ಡ್ ಕೆಳಗೂ ಹರಡುವ 90×40 ಸಿಕ್ಕರೆ ಇನ್ನೂ ಒಳ್ಳೆಯದು. ಕೀಬೋರ್ಡ್ ಅನ್ನು ಓರೆಯಾಗಿ ಎಡಕ್ಕೆ ತಳ್ಳಿ ಮೌಸ್‌ಗೆ ಜಾಗ ಮಾಡಿಕೊಡಿ.

ಬಟ್ಟೆ ಪ್ಯಾಡ್‌ನಲ್ಲಿ ಎರಡು ಥರ. ದೊರಗು ಇರುವುದು ನಿಲ್ಲಿಸಲು ಸುಲಭ, ನುಣುಪು ಇರುವುದು ಓಡಿಸಲು ಸುಲಭ. ದೊರಗಿನ ಪ್ಯಾಡ್‌ನಲ್ಲಿ ಪ್ರತಿ ಸಲ ಮೌಸ್ ಹೊರಡಿಸಲು ಬಲ ಬೇಕು. ಗಾಜಿನ ಪ್ಯಾಡ್‌ನಲ್ಲಿ ಹೊರಡುವುದು ಬೆಣ್ಣೆ, ನಿಲ್ಲಿಸುವುದೇ ಕಷ್ಟ. ನಿಲ್ಲಿಸಲು ಹೋಗಿ ಬೆರಳು ಬಿಗಿಯಾಗುತ್ತದೆ. ಹೊಸಬರಿಗೆ ಮಧ್ಯಮ ದೊರಗಿನ ಬಟ್ಟೆ ಪ್ಯಾಡ್ ಸಾಕು. ಮಂಗಳೂರು, ಉಡುಪಿ ಕಡೆಯವರಿಗೆ ಒಂದು ಮಾತು: ಮಳೆಗಾಲದ ಸೆಕೆಗೆ ಬಟ್ಟೆ ಪ್ಯಾಡ್ ತೇವ ಹೀರಿ ಅಂಟಂಟಾಗುತ್ತದೆ. ಮೌಸ್ ಕೆಟ್ಟಿದೆ ಅಂದುಕೊಳ್ಳಬೇಡಿ. ಪ್ಯಾಡ್ ಒಗೆದು ನೆರಳಲ್ಲಿ ಒಣಗಿಸಿ, ತೆಳ್ಳನೆಯ ತೋಳಿನ ಅಂಗಿ ಹಾಕಿಕೊಂಡು ಆಡಿ.

ಮೇಜಿನ ವಿಷಯದಲ್ಲಿ ನಮ್ಮ ಮನೆಗಳದ್ದೇ ಒಂದು ಕಥೆ. ಊಟದ ಮೇಜು, ಪ್ಲಾಸ್ಟಿಕ್ ಕುರ್ಚಿ. ಆಟ ಮುಗಿಸಿ ಎದ್ದಾಗ ಮುಂಗೈ ಕೆಳಗೆ ಸನ್‌ಮೈಕಾ ಅಂಚಿನ ಕೆಂಪು ಗೆರೆ ಬಿದ್ದಿದ್ದರೆ ಆ ಅಂಚು ನರ, ಸ್ನಾಯುಗಳನ್ನು ಒತ್ತುತ್ತಿದೆ. ಅಂಚಿನ ಮೇಲೆ ಪ್ಯಾಡ್ ಇಳಿಬಿಡಿ ಅಥವಾ ಟವೆಲ್ ಮಡಿಸಿ ಹಾಕಿ. ಮೊಣಕೈ ಮೇಜಿನ ಮಟ್ಟಕ್ಕೆ ಅಥವಾ ಸ್ವಲ್ಪ ಮೇಲೆ ಬರಬೇಕು. ಕುರ್ಚಿ ತಗ್ಗಾದರೆ ಒಂದು ದಿಂಬು, ಕಾಲು ನೆಲಕ್ಕೆ ಸಿಗದಿದ್ದರೆ ಕೆಳಗೊಂದು ಮಣೆ. ಮೌಸ್ ಪ್ಯಾಡ್‌ಗೆ ಅಂಟಿಸಿರುವ ಜೆಲ್ ದಿಂಬು ಮಾತ್ರ ಬೇಡ. ಅದು ಒತ್ತುವುದು ಮಣಿಕಟ್ಟಿನ ಮೆತ್ತನೆಯ ಜಾಗವನ್ನೇ, ನರ ಹಾದುಹೋಗುವ ಕಡೆಗೇ. ತೋಳಿನ ಏಮ್‌ಗೂ ಅಡ್ಡ.

ತೂಕ, ವೈರ್, ಹರ್ಟ್ಜ್

ತೂಕ ಮುಖ್ಯ, ಆದರೆ ಜಾಹೀರಾತು ಹೇಳುವಷ್ಟಲ್ಲ. ಮೌಸ್ ಎತ್ತಿಡುವುದು ಜಾಸ್ತಿ ಇದ್ದಷ್ಟೂ, ಅಂದರೆ ಸೆನ್ಸ್ ಕಡಿಮೆ ಇದ್ದಷ್ಟೂ, ಹಗುರ ಮೌಸ್‌ನಿಂದ ಲಾಭ. ಜಿ304 ಡಬಲ್ ಎ ಸೆಲ್ ಸೇರಿ 99 ಗ್ರಾಂ. ಜಿ102 85, ಆದರೆ ವೈರ್ ಇದೆ. ಸೂಪರ್‌ಲೈಟ್ 63ರ ಒಳಗೆ, ವೈಪರ್ ವಿ3 ಪ್ರೊ 54. ಜಿ304 ಇದ್ದವರಿಗೆ ಹಳೆಯ ಉಪಾಯ ಒಂದಿದೆ. ಅಡಾಪ್ಟರ್ ಹಾಕಿ ತ್ರಿಬಲ್ ಎ ಸೆಲ್ ಇಡಿ, ಹತ್ತು ಗ್ರಾಂ ಇಳಿಯುತ್ತದೆ. ತೀರಾ ಹಗುರಾದ ಮೌಸ್‌ನಲ್ಲಿ ಕೆಲವರು ಅದು ಹಾರಿಹೋದೀತು ಅನ್ನುವ ಹಾಗೆ ಗಟ್ಟಿ ಹಿಡಿಯುತ್ತಾರೆ. ಹಾಗಾದರೆ ಬಂದ ಲಾಭ ಹೋಯಿತು.

ಒಂದೂವರೆ ಸಾವಿರದ ಆಸುಪಾಸಿಗೆ ಜಿ102, ಅದರ ದುಪ್ಪಟ್ಟು ಹತ್ತಿರಕ್ಕೆ ಜಿ304. ಸಣ್ಣ, ಮಧ್ಯಮ ಕೈಗೆ ಇವು ಸಾಲದು ಅನ್ನಲು ನನಗೆ ಕಾರಣ ಕಾಣುವುದಿಲ್ಲ. ಹತ್ತು ಸಾವಿರ ದಾಟುವುದು ಕೈ ದೊಡ್ಡದಿದ್ದು ತೋಳಿನಲ್ಲಿ ಆಡುವವರಿಗೆ ಮಾತ್ರ ಸರಿ. ದುಡ್ಡು ಮಿಕ್ಕರೆ ಮೊದಲು ದೊಡ್ಡ ಪ್ಯಾಡ್ ತೆಗೆದುಕೊಳ್ಳಿ.

ಮೌಸ್ ಸೆಕೆಂಡಿಗೆ ಎಷ್ಟು ಸಲ ಕಂಪ್ಯೂಟರ್‌ಗೆ ಸುದ್ದಿ ಕಳಿಸುತ್ತದೆ ಅನ್ನುವುದು ಪೋಲಿಂಗ್ ರೇಟ್. ಅದು 125 ಹರ್ಟ್ಜ್‌ನಿಂದ 1000ಕ್ಕೆ ಏರಿದರೆ ಎರಡು ಸುದ್ದಿಯ ನಡುವಿನ ಅಂತರ 8 ಮಿಲಿಸೆಕೆಂಡ್ ಇದ್ದದ್ದು 1 ಆಗುತ್ತದೆ. 8000ಕ್ಕೆ ಏರಿದರೆ 1 ಇದ್ದದ್ದು 0.125. ಎರಡನೆಯದಕ್ಕೆ ನಾನು ದುಡ್ಡು ಕೊಡಲ್ಲ. 25,000 ಡಿಪಿಐ ಅಂತ ಡಬ್ಬಿ ಮೇಲೆ ಬರೆದಿರುವುದು ಡಬ್ಬಿಗೆ ಮಾತ್ರ ಉಪಯೋಗ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಪಾಯಿಂಟರ್ ಪ್ರಿಸಿಶನ್ ಅಂತ ಒಂದು ಟಿಕ್ ಇರುತ್ತದೆ. ಕೈಯ ವೇಗಕ್ಕೆ ತಕ್ಕ ಹಾಗೆ ಅದು ಪಾಯಿಂಟರ್ ಓಟವನ್ನು ಬದಲಿಸುತ್ತದೆ, ಅದನ್ನು ತೆಗೆದುಬಿಡಿ.

ಆಫೀಸಿನಲ್ಲಿ ದಿನವಿಡೀ ಮೌಸ್ ಹಿಡಿಯುವವರು ಅಲ್ಲಿ ಬೇರೆ ಆಕಾರದ್ದು ಇಟ್ಟುಕೊಳ್ಳಿ. ಕೈಕುಲುಕುವ ಭಂಗಿಯಲ್ಲಿ ಹಿಡಿಯುವ ವರ್ಟಿಕಲ್ ಮೌಸ್ ಆಟಕ್ಕೆ ನಿಷ್ಪ್ರಯೋಜಕ. ಆದರೆ ಹಗಲಿಗೆ ಅದು, ರಾತ್ರಿಗೆ ಇದು ಅಂತ ಮಾಡಿದರೆ ಒಂದೇ ಜಾಗ ಹದಿನಾಲ್ಕು ಗಂಟೆ ಸವೆಯುವುದು ತಪ್ಪುತ್ತದೆ.

ನೋವು ಎಲ್ಲಿದೆ ಅನ್ನುವುದೇ ಮುಖ್ಯ

ಕೈ ನೋವು ಅಂದ ಕೂಡಲೇ ಎಲ್ಲರೂ ಕಾರ್ಪಲ್ ಟನಲ್ ಅನ್ನುತ್ತಾರೆ. ಅಲ್ವೇ ಅಲ್ಲ. ಜಾಗ ನೋಡಿ ಬೇರೆ ಮಾಡಬೇಕು.

ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ, ಇಷ್ಟಕ್ಕೆ ಜೋಮು ಹಿಡಿದು, ರಾತ್ರಿ ನಿದ್ದೆಯಿಂದ ಎಬ್ಬಿಸಿ, ಕೈ ಕೊಡವಿದರೆ ಸರಿಹೋಗುತ್ತಿದ್ದರೆ ಅದು ಕಾರ್ಪಲ್ ಟನಲ್ ಇರಬಹುದು. ಮಣಿಕಟ್ಟಿನ ಕಿರಿದಾದ ದಾರಿಯಲ್ಲಿ ಬೆರಳು ಮಡಿಸುವ ಒಂಬತ್ತು ಟೆಂಡನ್‌ಗಳ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರುಗಳ) ಜೊತೆ ಮೀಡಿಯನ್ ನರವೂ ಹಾದುಹೋಗುತ್ತದೆ. ಅಲ್ಲಿ ಊತ ಬಂದರೆ ನರಕ್ಕೆ ಒತ್ತಡ. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇರುವವರಿಗೆ ಇದು ಬರುವ ಸಂಭವ ಜಾಸ್ತಿ. ಕಿರುಬೆರಳು, ಉಂಗುರ ಬೆರಳಿನ ಉಳಿದರ್ಧ ಜೋಮು ಹಿಡಿದರೆ ಆ ನರವೇ ಬೇರೆ. ಅದು ಮೊಣಕೈ ಒಳಬದಿಯಲ್ಲಿ ಹೋಗುತ್ತದೆ. ಮೊಣಕೈಯನ್ನು ಗಟ್ಟಿ ಜಾಗಕ್ಕೆ ಊರುವ ಅಭ್ಯಾಸ ಬಿಡಿ.

ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ಕಡೆ ನೋವಿದ್ದು, ಲೋಟ ಎತ್ತುವಾಗ, ಬಟ್ಟೆ ಹಿಂಡುವಾಗ ಚುಳ್ ಅಂದರೆ ಅಲ್ಲಿನ ಟೆಂಡನ್ ತೊಂದರೆ. ನನಗೆ ಬಂದಿದ್ದು ಇದು. ಮೊಣಕೈ ಹೊರಬದಿ ನೋವಿದ್ದು, ಕುಕ್ಕರ್ ಎತ್ತುವಾಗ ಜಾಸ್ತಿಯಾದರೆ ಟೆನಿಸ್ ಎಲ್ಬೋ. ಬೆರಳನ್ನು ಗಾಳಿಯಲ್ಲಿ ಎತ್ತಿ ಕಾಯುವವರು ಇದನ್ನು ನೆನಪಿಡಿ.

ಎಡಗೈಯನ್ನೂ ಮರೆಯಬೇಡಿ. ನಿಧಾನ ನಡೆಯಲು ಶಿಫ್ಟ್, ಕೂರಲು ಕಂಟ್ರೋಲ್, ಎರಡೂ ಕಿರುಬೆರಳಿನ ತಲೆಗೆ. ಒಂದನ್ನು ಬೇರೆ ಕೀಗೆ ಹಾಕಿಕೊಂಡರೆ ವಾರದಲ್ಲಿ ರೂಢಿಯಾಗುತ್ತದೆ.

ಚಿಕ್ಕ ವಯಸ್ಸಿನವರಿಗೆ ಇದೆಲ್ಲ ಬರಲ್ಲ ಅನ್ನುವವರಿಗೆ: ಲೀಗ್ ಆಫ್ ಲೆಜೆಂಡ್ಸ್ ಆಡುತ್ತಿದ್ದ ಹಾಯ್ ಲಾಮ್ ಮಣಿಕಟ್ಟಿನ ಗಾಯದ ಕಾರಣಕ್ಕೆ 2015ರಲ್ಲಿ ಕ್ಲೌಡ್9 ತಂಡದ ಆಟಗಾರನ ಜಾಗ ಬಿಟ್ಟ. ಕೌಂಟರ್ ಸ್ಟ್ರೈಕ್‌ನಲ್ಲಿ ಜಗತ್ತಿನ ಮೇಲ್ಮಟ್ಟದ ಆಟಗಾರನಾಗಿದ್ದ ಓಲೋಫ್‌ಮೈಸ್ಟರ್ 2016ರಲ್ಲಿ ಕೈ ಗಾಯಕ್ಕೆ ಆಟದಿಂದ ಬಿಡುವು ತೆಗೆದುಕೊಳ್ಳಬೇಕಾಯಿತು. ಇಬ್ಬರೂ ಆಗ ಇಪ್ಪತ್ತರ ಹರೆಯದವರು.

ನೋವು ಬಂದರೆ ಪೂರ್ತಿ ವಿಶ್ರಾಂತಿಯಾ, ನೋವು ನುಂಗಿ ಆಡುವುದಾ? ಎರಡೂ ಬೇಡ. ತಿಂಗಳುಗಟ್ಟಲೆ ಕೈ ಕಟ್ಟಿ ಕೂತರೆ ಟೆಂಡನ್ ಇನ್ನೂ ಸೋಲುತ್ತದೆ. ವಾರವೆಲ್ಲ ಬಿಟ್ಟು ಭಾನುವಾರ ಎಂಟು ಗಂಟೆ ಆಡುವುದು ಅದಕ್ಕಿಂತ ಕೆಟ್ಟದ್ದು. ಗಂಟೆ ಕಡಿಮೆ ಮಾಡಿ, ನೋವು ಕೆರಳದಷ್ಟು ಆಡಿ, ಜೊತೆಗೆ ಮುಂಗೈಗೆ ನಿಧಾನವಾಗಿ ಬಲ ಬರುವ ವ್ಯಾಯಾಮ ಮಾಡಿ. ಫಿಸಿಯೋಥೆರಪಿಸ್ಟ್ ತೋರಿಸಿಕೊಟ್ಟರೆ ಒಳ್ಳೆಯದು. ಕಾರ್ಪಲ್ ಟನಲ್‌ಗೆ ಮಣಿಕಟ್ಟಿನ ಪಟ್ಟಿ ಹಾಕುವುದು ರಾತ್ರಿ ಮಲಗುವಾಗ. ಅದನ್ನು ಕಟ್ಟಿಕೊಂಡೇ ಆಡಿದರೆ ಕೈ ಅದರ ವಿರುದ್ಧ ಒದ್ದಾಡುತ್ತದೆ.

ಬಿಡುವಿಗೆ ಬೇರೆ ಸಮಯ ಹುಡುಕಬೇಕಿಲ್ಲ. ವ್ಯಾಲೊರಂಟ್‌ನಲ್ಲಿ ರೌಂಡ್ ಶುರುವಾಗುವ ಮುಂಚೆ ಖರೀದಿಗೆ 30 ಸೆಕೆಂಡ್ ಇರುತ್ತದೆ, ರೌಂಡ್ 100 ಸೆಕೆಂಡ್. ಸತ್ತ ಕೂಡಲೇ ಮೌಸ್ ಬಿಡಿ. ಕೈ ತೊಡೆಯ ಮೇಲಿಟ್ಟು ಬೆರಳು ಸಡಿಲ ಮಾಡಿ. ನಾನು ರೌಂಡಿನ ಶುರುವಿಗೇ ಸಾಯುವವನು, ಹಾಗಾಗಿ ನನಗೆ ವಿಶ್ರಾಂತಿ ಚೆನ್ನಾಗಿಯೇ ಸಿಗುತ್ತದೆ.

ಎರಡು ಮೂರು ವಾರ ಹೀಗೆ ಮಾಡಿಯೂ ನೋವು ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಿ. ಜೋಮು ಬಿಡದೇ ಇದ್ದರೆ, ಹಿಡಿದದ್ದು ಕೈಯಿಂದ ಜಾರುತ್ತಿದ್ದರೆ, ಹೆಬ್ಬೆರಳಿನ ಬುಡದ ಮಾಂಸ ಇಳಿದ ಹಾಗೆ ಕಂಡರೆ ಅಷ್ಟು ದಿನವೂ ಕಾಯಬೇಡಿ. ಆಟದ ವಿಷಯ ಮುಚ್ಚಿಡಬೇಡಿ. ಮೊದಲ ಸಲ ನಾನು "ಕಂಪ್ಯೂಟರ್ ಕೆಲಸ ಸರ್" ಅಂತಷ್ಟೇ ಹೇಳಿದ್ದೆ. ಟೈಪಿಂಗ್ ಕಡಿಮೆ ಮಾಡಿ ಅಂದು ಮುಲಾಮು ಬರೆದುಕೊಟ್ಟರು. ಎರಡನೇ ಸಲ ಮೌಸ್ ಅನ್ನೇ ಚೀಲದಲ್ಲಿ ಹಾಕಿಕೊಂಡು ಹೋದೆ. ಹೇಗೆ ಹಿಡಿಯುತ್ತೀರಿ ತೋರಿಸಿ ಅಂದರು. ತೋರಿಸಿದೆ. "ದಿನಕ್ಕೆ ಎಷ್ಟು ಹೊತ್ತು?" ಅಂತ ಕೇಳಿದಾಗ ಪಕ್ಕದಲ್ಲಿ ಅಮ್ಮ ಕೂತಿದ್ದರು, ಆದರೂ ನಿಜ ಹೇಳಿದೆ.